ದಿಗ್ದರ್ಶಿಯ ಸಲಹೆ

ಅವಲಕ್ಕಿ ತಟ್ಟೆಯ ಪಕ್ಕದಲ್ಲಿಟ್ಟಿದ್ದ ಮೊಬೈಲು ಟಿಣ್ ಎಂದಿತು. ಅನಂತರಾಯ ಬಲಗೈಯನ್ನು ಬಾಯಿಗೂ ಎಡಗೈಯನ್ನು ಮೊಬೈಲಿಗೂ ಒಪ್ಪಿಸಿ ಓದತೊಡಗಿದ. ಅಂದಿನ ಫಜೀತಿಯೆಲ್ಲ ಶುರುವಾದದ್ದು ಅಲ್ಲಿಂದ.

ಇಂಡಿ ಊರಿನ ಒಂದು ಲಿಂಬೆ ಉಪ್ಪಿನಕಾಯಿ ಕಾರ್ಖಾನೆಯಲ್ಲಿ ಅನಂತರಾಯ ಹದಿನಾಲ್ಕು ವರ್ಷಗಳಿಂದ ಮೇಲ್ವಿಚಾರಕ. ಹಣ್ಣು ಬಂತೇ, ಹೆಣ್ಣುಮಕ್ಕಳು ಅದನ್ನು ಹೆಚ್ಚಿದರೇ, ಉಪ್ಪು ಬಿತ್ತೇ ಎಂದು ನೋಡುವುದು ಅವನ ಕೆಲಸ. ಮೊಬೈಲಿನೊಳಗೆ ಮಾತ್ರ ಅವನು ಬೇರೆಯೇ ಮನುಷ್ಯ. ‘ಮುಂದಾಳು’ ಎಂಬ ಓದುಗರ ತಾಣವೊಂದಿತ್ತು. ದೊಡ್ಡ ಕೆಲಸವನ್ನು ದಡ ಮುಟ್ಟಿಸುವುದು ಹೇಗೆ, ಕೈಕೆಳಗಿನವರನ್ನು ನಡೆಸಿಕೊಳ್ಳುವುದು ಹೇಗೆ ಎಂಬ ಪುಸ್ತಕಗಳನ್ನು ಓದಿದವರು ಅಲ್ಲಿ ಸೇರಿ ಚರ್ಚಿಸುತ್ತಿದ್ದರು. ಯಾರೂ ನಿಜ ಹೆಸರು ಹೇಳುತ್ತಿರಲಿಲ್ಲ. ಅನಂತರಾಯ ಅಲ್ಲಿ ‘ದಿಗ್ದರ್ಶಿ’. ಪುಸ್ತಕದ ಮೊದಲ ಅಧ್ಯಾಯವನ್ನೂ ಕೊನೆಯ ಪುಟವನ್ನೂ ಓದಿ, ನಡುವಿನದನ್ನು ತಾನೇ ಊಹಿಸಿ ಬರೆಯುವುದರಲ್ಲಿ ಅವನ ಕೈ ಎಷ್ಟು ಪಳಗಿತ್ತೆಂದರೆ, ಪೂರ್ತಿ ಓದಿದವರೂ ತಮ್ಮ ಅನುಮಾನಗಳನ್ನು ಅವನ ಹತ್ತಿರವೇ ತರುತ್ತಿದ್ದರು.

ಈ ಸಲ ಕೇಳಿದವನು ‘ಜಿಜ್ಞಾಸು’ ಎಂಬುವವನು.

“ನಮ್ಮಲ್ಲಿ ಒಬ್ಬ ಹಳೆಯ ಮನುಷ್ಯನಿದ್ದಾನೆ. ಸ್ವಭಾವದಿಂದ ಒಳ್ಳೆಯವ. ಆದರೆ ಮಧ್ಯಾಹ್ನ ಮಾಯವಾದನೆಂದರೆ ಒಂದು ತಾಸು ಪತ್ತೆ ಇರುವುದಿಲ್ಲ. ಏನು ಕೇಳಿದರೂ ‘ಆತ್ರಿ’ ಎನ್ನುತ್ತಾನೆ, ಹೋಗಿ ನೋಡಿದರೆ ಆಗಿರುವುದಿಲ್ಲ. ಈಗ ಒಂದು ದೊಡ್ಡ ಕೆಲಸ ಹಿಡಿದಿದ್ದೇನೆ. ಇವನನ್ನು ಏನು ಮಾಡಲಿ?”

ಅನಂತರಾಯನಿಗೆ ಹುರುಪು ಬಂತು. ಒಂದೇ ಕೈಯಲ್ಲಿ ಬರೆದ.

“ತುಕ್ಕು ಹಿಡಿದ ಮೊಳೆ ತಾನೂ ಕೆಡುತ್ತದೆ, ಹಲಗೆಯನ್ನೂ ಕೆಡಿಸುತ್ತದೆ. ದೊಡ್ಡ ಕೆಲಸಕ್ಕೆ ಇಳಿಯುವ ಮುಂದಾಳು ಮೊದಲು ಆ ಮೊಳೆ ಕೀಳಬೇಕು. ಮುಲಾಜು ಬೇಡ. ಇಂದೇ ಸಂಜೆ ಐದಕ್ಕೆ ಕರೆದು, ಕೈಮುಗಿದು ಕಳಿಸಿಬಿಡಿ.”

“ಯಾರಿಗೆ ಏನು ಬರೀಲಿಕ್ಕತ್ತೀರಿ? ಅವಲಕ್ಕಿ ಆರಿ ಹೋತು,” ಎಂದಳು ಹೆಂಡತಿ ಸುಮೇಧಾ.

“ಒಬ್ಬಾವನ ಕಾರ್ಖಾನಿ ಉಳಿಸೇನಿ,” ಎಂದು ಅನಂತರಾಯ ಮೀಸೆ ಒರೆಸಿಕೊಂಡು ಎದ್ದ.

ಕಾರ್ಖಾನೆಯ ಗೇಟಿನಲ್ಲೇ ಮಾಲೀಕರು ಚನ್ನಬಸಯ್ಯನವರು ನಿಂತಿದ್ದರು. ಸೊಲ್ಲಾಪುರದ ವ್ಯಾಪಾರಿಯೊಬ್ಬ ಇಪ್ಪತ್ತು ದಿನದಲ್ಲಿ ಐದು ಸಾವಿರ ಬಾಟಲಿ ಉಪ್ಪಿನಕಾಯಿ ಬೇಕೆಂದಿದ್ದ. ಅಷ್ಟು ದೊಡ್ಡ ಕೆಲಸ ಆ ಕಾರ್ಖಾನೆಗೆ ಎಂದೂ ಬಂದಿರಲಿಲ್ಲ.

“ಅನಂತರಾವ್, ಸಂಜೀಕ ಐದಕ್ಕ ಎಲ್ಲಾರನ್ನೂ ಅಂಗಳದಾಗ ಸೇರಸ್ರಿ,” ಎಂದರು ಚನ್ನಬಸಯ್ಯನವರು. “ಒಂದು ತುಕ್ಕು ಹಿಡಿದ ಮೊಳಿ ಐತಿ. ದೊಡ್ಡ ಕೆಲಸಕ್ಕ ಇಳಿಯೂಕಿಂತ ಮೊದಲ ಅದನ್ನ ಕೀಳಬೇಕಂತ ಮಾಡೇನಿ.”

ಬೆಳಿಗ್ಗೆ ತಾನು ಬರೆದ ಮಾತು ಅನಂತರಾಯನ ಕಿವಿಗೇ ವಾಪಸು ಬಂದಿತ್ತು.

ಜಿಜ್ಞಾಸು ಎಂದರೆ ಸಾವ್ಕಾರರು! ಹಾಗಾದರೆ ಆ ಮೊಳೆ? ಅವನು ಬೆರಳು ಮಡಚಿ ಲೆಕ್ಕ ಹಾಕಿದ. ಹಳಬ, ಹೌದು. ಸ್ವಭಾವದಿಂದ ಒಳ್ಳೆಯವ, ಅದರಲ್ಲಿ ಅವನಿಗೆ ಎಂದೂ ಸಂಶಯವಿರಲಿಲ್ಲ. ಮಧ್ಯಾಹ್ನ ಒಂದು ತಾಸು ಮಾಯ... ಊಟವಾದ ಮೇಲೆ ಉಪ್ಪಿನ ಚೀಲಗಳ ಹಿಂದೆ ಕುಳಿತು ದಿಗ್ದರ್ಶಿಯಾಗುವುದು ಅವನ ನಿತ್ಯದ ಪಾಠ.

“ಬಾಟಲಿ ಮುಚ್ಚಳಾ ಬಂದಾವೇನ್ರಿ?” ಚನ್ನಬಸಯ್ಯನವರು ಕೇಳಿದರು.

“ಆತ್ರಿ,” ಎಂದಿತು ಅನಂತರಾಯನ ಬಾಯಿ, ಅವನನ್ನು ಕೇಳದೆಯೇ. ಮುಚ್ಚಳ ಇನ್ನೂ ಬಂದಿರಲಿಲ್ಲ.

ಅವನು ಸೀದಾ ಉಪ್ಪಿನ ಚೀಲಗಳ ಹಿಂದೆ ಓಡಿದ. ಹೋಗುವಾಗ ತಕ್ಕಡಿಯ ಹತ್ತಿರ ಭೀಮಶ್ಯಾ ಎದ್ದು ನಿಂತು ಕೈಮುಗಿದ. ಹಣ್ಣು ತೂಗುವವನು ಅವನು. ವಾದವಿಲ್ಲ, ತಕರಾರಿಲ್ಲ, ಕೆಲಸವೂ ಅಷ್ಟಕ್ಕಷ್ಟೇ.

“ತಕ್ಕಡಿ ಒರಿಸೀಯೇನೋ?”

“ಆತ್ರಿ ರಾಯರ.”

ತಕ್ಕಡಿಯ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಧೂಳಿತ್ತು. ಅದನ್ನು ನೋಡುವ ಸ್ಥಿತಿಯಲ್ಲಿ ಅನಂತರಾಯ ಇರಲಿಲ್ಲ. ಚೀಲಗಳ ಸಂದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಬರೆದ.

“ಬೆಳಿಗ್ಗೆ ನಾನು ಬರೆದದ್ದು ನಿಮ್ಮನ್ನು ಪರೀಕ್ಷಿಸಲು. ಒಳ್ಳೆಯ ಮುಂದಾಳು ಯಾರನ್ನೂ ಅವಸರದಲ್ಲಿ ಕಳಿಸುವುದಿಲ್ಲ. ಮೊದಲು ‘ಯಾಕೆ’ ಎಂದು ಕೇಳುತ್ತಾನೆ. ಒಂದು ಉತ್ತರ ಸಿಕ್ಕರೆ ಅದಕ್ಕೂ ಯಾಕೆ. ಹೀಗೆ ಐದು ಸಲ. ಐದನೆಯದರ ಕೆಳಗೆ ಸತ್ಯ ಇರುತ್ತದೆ.”

ತಕ್ಷಣ ‘ಮುದ್ದೇಬಿಹಾಳ ಮಿತ್ರ’ ಎಂಬ ಓದುಗ ಮೂಗು ತೂರಿಸಿದ. “ದಿಗ್ದರ್ಶಿಗಳೇ, ಬೆಳಿಗ್ಗೆ ಮೊಳೆ ಅಂದಿರಿ. ಈಗ ಅದೇ ಮೊಳೆಗೆ ಮಲ್ಲಿಗೆ ಮುಡಿಸುತ್ತಿದ್ದೀರಿ. ಏನು ಸಮಾಚಾರ?”

ಅನಂತರಾಯ ಹಲ್ಲು ಕಡಿದ. ಅಷ್ಟರಲ್ಲಿ ಜಿಜ್ಞಾಸು ಬರೆದ. “ಯಾಕೆ ಎಂದು ಆ ಮನುಷ್ಯನನ್ನೇ ಕೇಳಲೇ?”

“ಖಂಡಿತ ಬೇಡ!” ಎಂದು ದಿಗ್ದರ್ಶಿ ಉತ್ತರಿಸಿದ. “ಅವನ ಸುತ್ತಲಿನವರನ್ನು ಕೇಳಿ.”

ಚೀಲದ ಮರೆಯಿಂದ ಇಣುಕಿದರೆ, ಚನ್ನಬಸಯ್ಯನವರು ಆಗಲೇ ಹಣ್ಣು ಹೆಚ್ಚುವ ಹೆಣ್ಣುಮಕ್ಕಳ ಕಡೆ ಹೊರಟಿದ್ದರು. ಅಲ್ಲಿ ಅವರಿಗೆಲ್ಲ ಹಿರಿಯಳಾದ ಹೊನ್ನವ್ವನನ್ನು ಪಕ್ಕಕ್ಕೆ ಕರೆದು ಏನೋ ಕೇಳಿದರು. ಹೊನ್ನವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಏನೋ ಹೇಳಿದಳು. ಇವರು ಮತ್ತೆ ಕೇಳಿದರು. ಅವಳು ಮತ್ತೆ ಹೇಳಿದಳು. ಅನಂತರಾಯನ ಕಿವಿ ಮೊಲದ ಕಿವಿಯಷ್ಟು ಉದ್ದವಾದರೂ ಒಂದಕ್ಷರ ಕೇಳಿಸಲಿಲ್ಲ.

ಸಾವ್ಕಾರರು ಅತ್ತ ಹೋದದ್ದೇ ಅವನು ಇತ್ತ ಹೊನ್ನವ್ವನ ಎದುರು ನಿಂತ.

“ಹೊನ್ನವ್ವಾ, ಏನು ಕೇಳಿದ್ರು?”

“ಯಾಕ ಅಂದ್ರು.”

“ಯಾತಕ್ಕ ಯಾಕ?”

“ಅದಕ್ಕ ಯಾಕ ಅಂದ್ರು. ನಾ ಹೇಳಿದ್ನಿ. ಹೇಳಿದ್ದಕ್ಕ ಮತ್ತ ಯಾಕ ಅಂದ್ರು. ನಮ್ಮ ಮೊಮ್ಮಗನೂ ಇಷ್ಟು ಸಲ ಕೇಳಂಗಿಲ್ಲ ನೋಡ್ರಿ. ಐದನೇದು ಹೇಳಿದ ಕೂಡ್ಲೇ ಸಾವ್ಕಾರ್ರ ಕಣ್ಣಾಗ ನೀರು ಬಂತು.”

“ನೀರು? ಯಾರ ಸಲುವಾಗಿ?”

“ಹೇಳಬ್ಯಾಡ ಅಂತ ಆಣಿ ಹಾಕ್ಸ್ಯಾರ್ರಿ ರಾಯರ.” ಹೊನ್ನವ್ವ ಅವನನ್ನೇ ಕನಿಕರದಿಂದ ನೋಡಿದಳು. “ಪಾಪ, ಎಷ್ಟ್ ಕಷ್ಟ ನುಂಗ್ಕೊಂಡು ಬದುಕ್ತಾರ ಮಂದಿ. ಮಗ್ಗಲದಾಗ ಇದ್ದವರಿಗೂ ಗೊತ್ತಾಗಂಗಿಲ್ಲ.”

ತನ್ನ ಕಷ್ಟ ಯಾವುದೆಂದು ಅನಂತರಾಯನಿಗೆ ಚಟ್ಟನೆ ಹೊಳೆಯಲಿಲ್ಲ. ಆದರೆ ಇದ್ದೇ ಇರಬೇಕು. ಹೊನ್ನವ್ವನಂಥ ಹೆಂಗಸಿಗೆ ಕಂಡಿದೆ, ಸಾವ್ಕಾರರನ್ನು ಅಳಿಸಿದೆ. ಇನ್ನು ಆ ಕಷ್ಟಕ್ಕೆ ತಕ್ಕಂತೆ ದುಡಿದು ತೋರಿಸುವುದಷ್ಟೇ ಬಾಕಿ ಎಂದುಕೊಂಡ.

ಅಂದು ಅವನು ಊಟದ ಡಬ್ಬಿ ಬಿಚ್ಚಲಿಲ್ಲ. ಮಧ್ಯಾಹ್ನವಿಡೀ ಚನ್ನಬಸಯ್ಯನವರ ಕಿಟಕಿಗೆ ಕಾಣುವಂತೆ ಉಪ್ಪುನೀರಿನ ಬಕೀಟು ಹಿಡಿದು ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಓಡಾಡಿದ. ಹನ್ನೊಂದನೆಯ ಸಲಕ್ಕೆ ಲಿಂಬೆ ಸಿಪ್ಪೆಯ ಮೇಲೆ ಕಾಲಿಟ್ಟ. ಬಕೀಟು ಮೇಲೆ ಹೋಯಿತು, ಅನಂತರಾಯ ಕೆಳಗೆ ಬಂದ, ಬಕೀಟಿನಲ್ಲಿದ್ದದ್ದೆಲ್ಲ ಅವನ ನೆತ್ತಿಯ ಮೇಲಿಂದ ಇಳಿಯಿತು. ಎದ್ದು ನಿಲ್ಲಲು ಆಸರೆಗೆಂದು ಕೈ ಚಾಚಿದ್ದು ಹೆಚ್ಚಿದ ಲಿಂಬೆಯ ಬುಟ್ಟಿಗೆ. ಅದೇ ಕೈಯಿಂದ ಕಣ್ಣು ಉಜ್ಜಿಕೊಂಡ. ಆಮೇಲೆ ಅವನು ಮಾಡಿದ ಕುಣಿತವನ್ನು ನೋಡಲು ಹೆಣ್ಣುಮಕ್ಕಳೆಲ್ಲ ಕೆಲಸ ಬಿಟ್ಟು ಎದ್ದರು.

“ರಾಯರ, ಉಪ್ಪಿನಕಾಯಿ ಹಾಕೂದು ಲಿಂಬಿಹಣ್ಣಿಗ್ರಿ, ನಿಮಗಲ್ಲ!” ಎಂದಳು ಹೊನ್ನವ್ವ, ತಂಬಿಗೆಯಲ್ಲಿ ಸಿಹಿನೀರು ತಂದು ಅವನ ಕಣ್ಣಿಗೆ ಎರಚುತ್ತ.

ಗದ್ದಲಕ್ಕೆ ಚನ್ನಬಸಯ್ಯನವರೂ ಹೊರಗೆ ಬಂದರು. ಅವರ ಕೈಯಲ್ಲಿ ಮೊಬೈಲಿತ್ತು. ಮುಖದ ಮೇಲೆ ದೇವರ ದರ್ಶನ ಮಾಡಿ ಬಂದವರ ಕಳೆ.

“ಅನಂತರಾವ್, ಒಬ್ರು ದೊಡ್ಡ ಮನುಷ್ಯಾರು ಗುರ್ತಾಗ್ಯಾರ್ರಿ ನನಗ. ಮೊಬೈಲನ್ಯಾಗ. ದಿಗ್ದರ್ಶಿ ಅಂತ ಹೆಸರು. ಕೆಲಸಗಾರರ ಮನಸು ಅಂಗೈಯಾಗ ಇಟ್ಕೊಂಡಂಗ ಬರೀತಾರ. ಏನು ಓದ್ಯಾರೋ, ಎಷ್ಟು ದೊಡ್ಡ ಕಂಪನಿ ನಡಸ್ಯಾರೋ! ಯಾರಿರಬೇಕಂತೀರಿ?”

ಅನಂತರಾಯನ ಬಾಯಿ ತೆರೆಯಿತು. ‘ನಾನ’ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

“ಮುಂಜಾನಿಂದ ಮೂರು ಸಲ ಬರದಾರ ನೋಡ್ರಿ. ದೊಡ್ಡವರಿಗೆ ಪುರಸೊತ್ತು ಇರ್ತೈತಿ, ಶೋಭಿಸ್ತೈತಿ,” ಎಂದು ಸಾವ್ಕಾರರು ಮುಂದುವರಿಸಿದರು. “ನಮ್ಮ ಪೈಕಿ ಯಾವನರೇ ಕೆಲಸದ ಹೊತ್ತಿನ್ಯಾಗ ಹಂಗ ಮೊಬೈಲ ತಿಕ್ಕೋತ ಕುಂತಿದ್ರ, ಅವನ ಮೊಬೈಲ ಉಪ್ಪುನೀರಿನ ಡ್ರಮ್ಮಿಗೆ ಒಗೀತಿದ್ನಿ, ಮ್ಯಾಲ ಅವನ್ನೂ ಒಗೀತಿದ್ನಿ.”

ಅನಂತರಾಯ ಆ ಮಾತನ್ನು ನುಂಗಿದ. ಉಪ್ಪುಪ್ಪಾಗಿತ್ತು.

ಮೂರು ಗಂಟೆಗೆ ಕೆಂಪು ಕಣ್ಣಿನಲ್ಲಿ ಮತ್ತೆ ಚೀಲಗಳ ಹಿಂದೆ ಸೇರಿದ. ಜಿಜ್ಞಾಸು ಬರೆದಿದ್ದ. “ಯಾಕೆ ಎಂಬುದು ತಿಳಿಯಿತು. ನಿಮ್ಮ ಉಪಕಾರ ದೊಡ್ಡದು. ಆ ಮನುಷ್ಯನನ್ನು ಕಳಿಸುವುದಿಲ್ಲ. ಅವನಿಗೆ ನಾನು ಏನು ಮಾಡಬೇಕು?”

ಹೋದ ಜೀವ ಬಂತು. ಅನಂತರಾಯ ಗೋಡೆಗೆ ಒರಗಿ, ಹದಿನಾಲ್ಕು ವರ್ಷದ ಆಸೆಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡ.

“ಅವನಿಗೆ ಕೂಡಲು ಏನಿದೆ?” ಎಂದು ಕೇಳಿದ.

“ಸ್ಟೂಲು.”

“ಛೆ! ಕೈಯಿರುವ ಖುರ್ಚಿ ಕೊಡಿ. ಫ್ಯಾನಿನ ಕೆಳಗೆ ಹಾಕಿಸಿ. ಎಂಟು ದಿನ ಪಗಾರದ ಸಮೇತ ರಜೆ ಕೊಡಿ. ಎಲ್ಲರ ಮುಂದೆ ಶಾಲು ಹೊದಿಸಿ.”

“ದೊಡ್ಡ ಕೆಲಸ ತಲೆಯ ಮೇಲಿದೆ. ಎಂಟು ದಿನ ಅವನ ಕೆಲಸ ಯಾರು ಮಾಡಬೇಕು?”

ಅನಂತರಾಯ ತಕ್ಕಡಿಯ ಪಕ್ಕ ಸುಮ್ಮನೆ ಕುಳಿತಿರುತ್ತಿದ್ದ ಭೀಮಶ್ಯಾನನ್ನು ಕಣ್ಣ ಮುಂದೆ ತಂದುಕೊಂಡು ಬರೆದ. “ನಿಮ್ಮ ಅಂಗಳದಲ್ಲಿ ಕೆಲಸವಿಲ್ಲದವನು ಯಾರು ಕಾಣುತ್ತಾನೋ ಅವನ ಮೇಲೆ ಹೇರಿ. ದನಿ ಎತ್ತಲು ಬಿಡಬೇಡಿ.”

“ಇದು ನಾಯಕತ್ವವಲ್ಲ, ಅಳಿಯನ ಉಪಚಾರ!” ಎಂದು ಮುದ್ದೇಬಿಹಾಳ ಮಿತ್ರ ಕೂಗಾಡಿದ. ಜಿಜ್ಞಾಸು ಅವನ ಕಡೆ ತಿರುಗಿಯೂ ನೋಡಲಿಲ್ಲ.

ನಾಲ್ಕೂವರೆಗೆ ಟಂಟಂ ಗಾಡಿಯಲ್ಲಿ ಖುರ್ಚಿ ಬಂತು. ಕರಿ ರೆಕ್ಸಿನ್ನಿನದು, ಎರಡೂ ಕಡೆ ಕೈ, ಕೆಳಗೆ ಗಾಲಿ. ಆಫೀಸಿನ ಭಾಗ್ಯಜ್ಯೋತಿ ಪೇಢೆ ಡಬ್ಬಿ ಹಿಡಿದು ಓಡಾಡಿದಳು. ಯಾರಿಗೆ, ಯಾಕೆ ಎಂದು ಅಂಗಳದ ತುಂಬ ಗುಸುಗುಸು. ಗೊತ್ತಿದ್ದವನು ಅನಂತರಾಯನೊಬ್ಬನೇ. ಅವನು ತಲೆ ಬಾಚಿಕೊಂಡ. ಉಪ್ಪು ಒಣಗಿ ಬಿರುಸಾಗಿದ್ದ ಅಂಗಿಯನ್ನು ಎಳೆದು ಸರಿಮಾಡಿಕೊಂಡ. ಭಾಷಣ ಮಾಡೆಂದರೆ ಹೇಳಲು ನಾಲ್ಕು ಸಾಲುಗಳನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡ. ‘ನಾನೇನೂ ಮಾಡಿಲ್ಲ’ ಎನ್ನುವುದು ಮೊದಲನೆಯ ಸಾಲು.

ಐದಕ್ಕೆ ಚನ್ನಬಸಯ್ಯನವರು ಎದ್ದು ನಿಂತರು.

“ಇವತ್ತ ಮುಂಜಾನಿ ನಮ್ಮ ಹಳೇ ಮನುಷ್ಯಾನ ಬಿಡಸಬೇಕಂತ ಮಾಡಿದ್ನಿ. ದೊಡ್ಡವರೊಬ್ರು ನನ್ನ ಕಣ್ಣು ತೆರಸಿದ್ರು. ಅವನ ಕಷ್ಟ ನನಗ ಗೊತ್ತಿರಲಿಲ್ಲ. ಕೇಳಿದ್ರೂ ಹೇಳೂ ಪೈಕಿ ಅಲ್ಲ ಅವ.”

ಅನಂತರಾಯ ತಲೆ ತಗ್ಗಿಸಿ ಎರಡು ಹೆಜ್ಜೆ ಮುಂದೆ ಬಂದ. ಖುರ್ಚಿಯ ಕೈ ಹಿಡಿದು, ಕುಳಿತುಕೊಳ್ಳಲು ಮೊಣಕಾಲನ್ನೂ ಸ್ವಲ್ಪ ಮಡಚಿದ.

“ಹೌದ್ರಿ ಅನಂತರಾವ್, ಅದನ್ನ ಎತ್ತಿ ಭೀಮಶ್ಯಾನ ಹಂತೇಕ ಇಡ್ರಿ,” ಎಂದರು ಸಾವ್ಕಾರರು.

ಮಡಚಿದ ಮೊಣಕಾಲು ನೆಟ್ಟಗಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಭೀಮಶ್ಯಾನಿಗೆ ಏನೊಂದೂ ತಿಳಿಯಲಿಲ್ಲ. ಹೆದರಿ ಹಿಂದೆ ಸರಿಯುತ್ತಿದ್ದವನನ್ನು ಹೊನ್ನವ್ವ ದಬ್ಬಿ ಕೂರಿಸಿದಳು. ಅವಳೇ ಎಲ್ಲರಿಗೂ ವಿಷಯ ಬಿಡಿಸಿ ಹೇಳಿದಳು. ಭೀಮಶ್ಯಾನ ತಾಯಿ ಬಾಳಮ್ಮನಿಗೆ ಲಕ್ವಾ ಹೊಡೆದು ನಾಲ್ಕು ತಿಂಗಳಾಗಿತ್ತು. ಹೆಂಡತಿ ಮಗಳ ಬಾಣಂತನಕ್ಕೆ ಸಿಂದಗಿಗೆ ಹೋಗಿದ್ದಳು. ದಿನಾ ಮಧ್ಯಾಹ್ನ ಅವನು ಓಡುತ್ತ ಮನೆಗೆ ಹೋಗಿ, ತಾಯಿಗೆ ಗಂಜಿ ಕುಡಿಸಿ, ಮಗ್ಗಲು ಬದಲಿಸಿ, ಓಡುತ್ತ ಬರುತ್ತಿದ್ದ. ಹೇಳಿದರೆ ಎಲ್ಲಿ ಕೆಲಸ ಹೋಗುತ್ತದೋ ಎಂದು ಎಲ್ಲದಕ್ಕೂ ‘ಆತ್ರಿ’ ಎನ್ನುತ್ತಿದ್ದ.

“ಎಂಟು ದಿನ ತಾಯಿ ಹಂತೇಕ ಇರು. ಪಗಾರ ಹಿಡಿಯಂಗಿಲ್ಲ,” ಎಂದು ಚನ್ನಬಸಯ್ಯನವರು ಶಾಲು ಹೊದಿಸಿದಾಗ ಭೀಮಶ್ಯಾ ಅದರ ಅಂಚಿನಲ್ಲೇ ಕಣ್ಣೊರೆಸಿಕೊಂಡ. ಅನಂತರಾಯನ ಕಣ್ಣೂ ಒದ್ದೆಯಾಯಿತು. ಲಿಂಬೆಯ ಉರಿ ಅಷ್ಟು ಹೊತ್ತಿಗೆ ಆರಿತ್ತು. ಬೆಳಿಗ್ಗೆ ಅವಲಕ್ಕಿ ತಿನ್ನುತ್ತ ತಾನು ಒಂದೇ ಕೈಯಲ್ಲಿ ಬರೆದದ್ದು ನೆನಪಾಗಿ, ಬಾಯಿಗಿಟ್ಟ ಪೇಢೆ ರುಚಿಸಲಿಲ್ಲ.

ಮಂದಿ ಚದುರಿದ ಮೇಲೆ ಸಾವ್ಕಾರರು ಅವನನ್ನು ಕರೆದರು.

“ಎಂಟು ದಿನ ತಕ್ಕಡಿ ನೀವ ನೋಡ್ಕೊಳ್ರಿ, ನಿಮ್ಮ ಕೆಲಸದ ಮ್ಯಾಲ. ಅಂಗಳದಾಗ ಕೆಲಸ ಇಲ್ಲದಾವನು ಯಾವ ಕಾಣ್ತಾನೋ ಅವನ ಮ್ಯಾಲ ಹೇರ್ರಿ ಅಂತ ದಿಗ್ದರ್ಶಿ ಬರದಾರ. ಮಧ್ಯಾಹ್ನದಾಗ ನೀವು ಒಂದ ಬಕೀಟ ಹಿಡಕೊಂಡು ಹನ್ನೊಂದು ಸಲ ಅಡ್ಡಾಡಿದ್ದು ಕಿಡಕ್ಯಾಗಿಂದ ನೋಡೇನಿ.”

ಅನಂತರಾಯ ದನಿ ಎತ್ತಲು ಹೋದ. ಅದಕ್ಕೂ ತಾನೇ ಬಾಗಿಲು ಹಾಕಿದ್ದು ನೆನಪಾಯಿತು. ಆದರೂ ಒಂದು ಸಣ್ಣ ಆಸೆ ಒಳಗೆ ಚುರುಗುಟ್ಟುತ್ತಿತ್ತು.

“ಸಾವ್ಕಾರ್ರ... ಆ ದೊಡ್ಡ ಮನುಷ್ಯಾರಿಗೆ ನನ್ನ ಬಗ್ಗೆನೂ ಒಂದು ಮಾತು ಕೇಳಬಹುದಲ್ರಿ?”

“ನಿಮ್ಮ ಬಗ್ಗೆ? ದಸರಾ ಮುಂದ ಕೇಳೇನಲ್ರಿ!” ಚನ್ನಬಸಯ್ಯನವರು ಮೊಬೈಲು ಕೆದಕಿ ಅವನ ಮುಖದ ಮುಂದೆ ಹಿಡಿದರು.

“ಓದಿದ ಮನುಷ್ಯ, ಮಾತು ಚೆಂದ, ಎಲ್ಲದರಲ್ಲೂ ಅಭಿಪ್ರಾಯ ಇದೆ. ಬಡ್ತಿ ಕೊಡಲೇ?” ಎಂದು ಜಿಜ್ಞಾಸು ಕೇಳಿದ್ದ. ಅದರ ಕೆಳಗೆ ದಿಗ್ದರ್ಶಿಯ ಉತ್ತರ. “ಇಂಥವರಿಗೆ ಬಡ್ತಿ ಕೊಟ್ಟರೆ ಕೆಡುತ್ತಾರೆ. ಇವರು ಹೊಗಳಿಕೆಯ ಮೇಲೆ ಬದುಕುವ ಜಾತಿ. ದಿನಕ್ಕೊಮ್ಮೆ ಬೆನ್ನು ತಟ್ಟಿ, ಒಂದು ಹೊಸ ಕೆಲಸ ಕೊಡಿ. ಬೇರೇನೂ ಬೇಕಿಲ್ಲ.” ನಲವತ್ತೆಂಟು ಜನ ಮೆಚ್ಚಿದ್ದರು. ಮೊದಲು ಮೆಚ್ಚಿದವನು ದಿಗ್ದರ್ಶಿಯೇ.

“ಎಂಥಾ ಮಾತು ನೋಡ್ರಿ! ಅವತ್ತಿಂದ ಒಂದು ದಿನಾನೂ ತಪ್ಪಿಸಿಲ್ಲ ನಾನು,” ಎಂದು ಚನ್ನಬಸಯ್ಯನವರು ಅವನ ಬೆನ್ನನ್ನು ಪ್ರೀತಿಯಿಂದ ತಟ್ಟಿ, ತಕ್ಕಡಿ ಕೋಣೆಯ ಕೀಲಿಯನ್ನು ಅವನ ಕೈಗೆ ಹಾಕಿದರು.

“ಶಾಭಾಸ್ ಅನಂತರಾವ್. ನಾಳಿ ಆರಕ್ಕ ಬರ್ರಿ.”