ಮರಿ ಡಾಲ್ಫಿನ್‌ಗೆ ನಾನು ಮಾಡಿದ ಉಪಕಾರ

ಬಾಟಲಿ ಬಾಯಿಗಿಟ್ಟ ಕೂಡಲೇ ಮಗು ಮುಖ ತಿರುಗಿಸಿಬಿಟ್ಟರೆ? ಹೆರಿಗೆ ರಜೆ ಮುಗಿಸಿ ಮತ್ತೆ ಡಾಲ್ಫಿನ್ ಸಮೀಕ್ಷೆಯ ದೋಣಿ ಹತ್ತುವ ದಿನ ನನ್ನ ತಲೆಯಲ್ಲಿ ಕೊರೆಯುತ್ತಿದ್ದುದು ಇದೊಂದೇ. ಆದರೂ ಹೊರಡುವಾಗ ಗಂಡನ ಮುಂದೆ ಎದೆ ಸೆಟೆಸಿ ಘೋಷಿಸಿದ್ದೆ: "ದಡಕ್ಕೆ ಬರೋವರೆಗೂ ಮನೆಗೆ ಒಂದೇ ಒಂದು ಫೋನ್ ಮಾಡಲ್ಲ. ನಾನು ವಿಜ್ಞಾನಿ."

"ಆಗಲಿ ವಿಜ್ಞಾನಿಗಳೇ, ಮೊದಲು ಚಪ್ಪಲಿ ಸರಿಯಾಗಿ ಹಾಕ್ಕೊಳ್ಳಿ," ಅಂದರು. ನೋಡಿದರೆ ಒಂದು ನನ್ನದು, ಇನ್ನೊಂದು ಅತ್ತೆಯದು.

ಫೋನ್ ಮಾಡದಿರಲು ನಿಜವಾದ ಕಾರಣ ಬೇರೆ. ಮಗು ಹಾಲು ಕುಡಿಯುತ್ತಿಲ್ಲ ಎಂದರೆ ನಡುನೀರಿನಲ್ಲಿ ನಾನೇನು ಮಾಡಲಿ? ಗಟಗಟ ಕುಡಿಯಿತು ಎಂದರೆ, ಆಮೇಲೆ ನಾನು ಯಾಕೆ ಬೇಕು?

ಸಮುದ್ರ ಬೂದಿ ಬಣ್ಣಕ್ಕೆ ತಿರುಗಿ ಮಂಕಾಗಿತ್ತು. ದುರ್ಬೀನನ್ನು ಕಣ್ಣಿಂದ ಇಳಿಸದ ನಮ್ಮ ತಂಡದ ಹಿರಿಯಳು, ಎಲ್ಲರ ಬಾಯಲ್ಲೂ ದುರ್ಬೀನಕ್ಕ, ದೋಣಿಯ ಮುಂತುದಿಯಲ್ಲಿ ಕೂತಿದ್ದಳು. ಗುಂಪು ಕಂಡೊಡನೆ ಎಂಜಿನ್ ನಿಲ್ಲಿಸಿ ದೂರದಿಂದ ಸುಮ್ಮನೆ ನೋಡುವುದು, ಅಷ್ಟೇ ನಮ್ಮ ಕೆಲಸ. ನೋಡಿದೆ. ಒಂದು ತಾಯಿ, ಅದರ ಪಕ್ಕೆಗಂಟಿದ ಮರಿ. ಇದ್ದಕ್ಕಿದ್ದಂತೆ ತಾಯಿ ಮುಳುಗಿ ಎಲ್ಲೋ ದೂರದಲ್ಲಿ ಎದ್ದಿತು. ಮರಿ ಮಾತ್ರ ಅಲ್ಲೇ. ಇನ್ನಾವುದೋ ಡಾಲ್ಫಿನ್ ಅದರ ಮೈಗೆ ಮೈ ಒತ್ತಿ ಸುತ್ತುತ್ತಿತ್ತು.

ಇಷ್ಟು ವರ್ಷದ ವಿದ್ಯೆಯೆಲ್ಲ ನೀರುಪಾಲು. "ಎಂಜಿನ್ ಹಾಕಿ, ಬೇಗ! ಮರೀನ ಅವರಮ್ಮನ ಹತ್ರ ಓಡಿಸೋಣ!" ನನ್ನ ಕಿರುಚಾಟಕ್ಕೆ ಯಾರೋ ನೀರಿಗೆ ಬಿದ್ದರೆಂದುಕೊಂಡ ದೋಣಿಯವರು ಎಂಜಿನ್ ಹಾಕಿಯೇಬಿಟ್ಟರು. ಭರ್ರೆಂದು ಸದ್ದು. ಇಡೀ ಗುಂಪು ಮಾಯ.

ಕಾದೆವು. ಮಧ್ಯಾಹ್ನ ಕಳೆಯಿತು. ನೀರಿನ ಮೇಲೆ ಒಂದು ಬೆನ್ನೂ ಏಳಲಿಲ್ಲ.

"ಏನೇ ಮಾಡ್ದೆ ನೀನು?" ದುರ್ಬೀನಕ್ಕ ಕೊನೆಗೂ ದುರ್ಬೀನು ಇಳಿಸಿದಳು.

"ಅಮ್ಮ ಬಿಟ್ಟು ಹೋದ್ಲಲ್ಲಕ್ಕ."

"ಬಿಟ್ಟು ಎಲ್ಲಿ ಹೋದ್ಲು? ಮೀನು ಹಿಡಿಯೋಕೆ ಹೋದ್ಲು. ಅವಳಿಗೂ ಹೊಟ್ಟೆ ಇಲ್ವಾ? ಮರೀನ ಜೊತೆಯವಳಿಗೆ ಒಪ್ಪಿಸೇ ಹೋಗಿದ್ಲು. ಇದರ ಮೇಲೇ ಅಲ್ವಾ ನೀನು ಪ್ರಬಂಧ ಬರ್ದಿದ್ದು?"

ಹೌದು. ಅದಕ್ಕೊಂದು ಚಿನ್ನದ ಪದಕವನ್ನೂ ಕೊಟ್ಟಿದ್ದರು.

"ಈಗ ತಾಯಿ ಮರಿ ಮತ್ತೆ ಸೇರಿರ್ತಾರೆ ಅಲ್ವಾ ಅಕ್ಕ?"

"ಸೇರಿರ್ಬೋದು. ನೋಡೋಕೆ ಬಿಟ್ಟೆಯಾ?"

ದೋಣಿ ಹಿಂತಿರುಗಿತು. ದಡ ಇನ್ನೂ ಒಂದು ಗೆರೆಯಷ್ಟೇ ಕಾಣುತ್ತಿತ್ತು. ನಾನು ಫೋನ್ ತೆಗೆದೆ. ಎತ್ತಿದ್ದು ಅತ್ತೆ.

"ಅತ್ತೆ, ಮಗು ಹಾಲು..." ಎನ್ನುವಷ್ಟರಲ್ಲಿ ಅಳು ನುಗ್ಗಿ ಬಂತು, ಎಂಜಿನ್ ಸದ್ದನ್ನೂ ಮೀರಿಸುವ ಹಾಗೆ.

ಆ ಕಡೆಯಿಂದ ಪಿಸುದನಿ: "ಕುಡೀತು ಕಣಮ್ಮ, ಈಗಷ್ಟೇ ಮಲಗಿದೆ. ನೀನು ಸ್ವಲ್ಪ ಮೆಲ್ಲಗೆ ಅಳು, ಎದ್ದುಬಿಡುತ್ತೆ."