ಬೆನ್ನು ತೋರಿಸದೆ ಮಗಳನ್ನು ಪರದೇಶದ ಶಾಲೆಗೆ ಸೇರಿಸಿದ್ದು

ಪರದೇಶಕ್ಕೆ ಹೋಗುವುದೆಂದರೆ ಹಡಗು ಹತ್ತಬೇಕು, ವಾರಗಟ್ಟಲೆ ವಾಂತಿ ಮಾಡಿಕೊಳ್ಳಬೇಕು ಎಂದು ತಿಳಿದವರೇ ಬಹಳ. ನಾನು ಹರಿಗೋಲಿನಲ್ಲಿ ಪರದೇಶಕ್ಕೆ ಹೋಗಿ ಬಂದವನು. ವಾಂತಿಯ ವಿಷಯದಲ್ಲಿ ಮಾತ್ರ ಹಡಗಿನವರಿಗೆ ನಾನೇನೂ ಕಡಿಮೆಯಾಗಲಿಲ್ಲ. ಆಗ ನಮ್ಮ ಗಂಗಾವತಿ ನಿಜಾಮರ ಸೀಮೆ, ತುಂಗಭದ್ರೆಯ ಆಚೆ ದಂಡೆ ಇಂಗ್ರೇಜರದು. ನಡುವೆ ಸುಂಕದ ಕಟ್ಟೆ. ನಮ್ಮ ರೂಪಾಯಿಗೆ ಆಚೆ ಬೆಲೆಯಿಲ್ಲ, ನಮ್ಮ ಕಚೇರಿಯ ಉರ್ದು ಆಚೆ ಯಾರಿಗೂ ಬೇಕಿಲ್ಲ. ಇಷ್ಟಾದ ಮೇಲೂ ಪರದೇಶವಲ್ಲ ಎಂದರೆ ಹೇಗೆ? ಹಿಟ್ನಾಳದ ನಮ್ಮ ಸೋದರಮಾವ ಮಾತ್ರ ಒಪ್ಪಲಿಲ್ಲ. “ಏ, ನಮ್ಮ ಎಮ್ಮಿ ದಿನಾ ಹೊಳಿ ಈಸಿ ಆಚಿ ದಂಡ್ಯಾಗ ಮೇದು ಬರ್ತೈತಿ. ಅದೂ ಪರದೇಶಕ್ಕ ಹೋಗಿ ಬಂದಂಗ ಆತೇನಲೇ?” ಎಂದು ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ತೆಗೆದರು.

ಈ ಪರದೇಶದ ಹುಚ್ಚು ಹತ್ತಿದ್ದು ನನಗಲ್ಲ, ನನ್ನ ಹೆಂಡತಿ ಗಿರಿಜೆಗೆ. ನಮ್ಮೂರ ಹೆಣ್ಣುಮಕ್ಕಳ ಶಾಲೆ ನಾಲ್ಕನೇ ತರಗತಿಗೆ ಮುಗಿಯುತ್ತಿತ್ತು, ಅಲ್ಲಿಂದ ಮುಂದೆ ಇದ್ದದ್ದು ಹಸೆಮಣೆ ಒಂದೇ. ಮಗಳು ಶಾರದೆ ನಾಲ್ಕನೆಯದನ್ನು ಮುಗಿಸುವ ಮೊದಲೇ ಸೋದರಮಾವ ಕುಕನೂರಿನಲ್ಲಿ ಒಬ್ಬ ವರನನ್ನು ಹುಡುಕಿ ಇಟ್ಟಿದ್ದರು. ಹುಡುಗನಿಗೆ ಜೋಳದ ಹೊಲ, ಎರಡು ಜೋಡಿ ಎತ್ತು, ವರ್ಷವಿಡೀ ನೆಗಡಿ. ಗಿರಿಜೆ ನನ್ನನ್ನು ಅಡುಗೆಮನೆಗೆ ಕರೆದು, “ನೋಡ್ರಿ, ಹೊಳಿ ಆಚಿ ಸಾಲ್ಯಾಗ ಈ ಸಲ ಜಾಗಾ ಸಿಗಲಿಲ್ಲಂದ್ರ ಮಾವನ ಬಾಯಿ ಮುಚ್ಚಸೂದು ನನ್ನಿಂದ ಆಗಂಗಿಲ್ಲ. ನನಗ ಓದಾಕ ಬರಂಗಿಲ್ಲ, ಅದು ನನ್ನ ಕೂಡ ಮುಗೀಲಿ” ಎಂದಳು. ಕೈಯಲ್ಲಿ ಲಟ್ಟಣಿಗೆ ಇತ್ತು. ಇಲ್ಲದಿದ್ದರೂ ನಾನು ಒಪ್ಪುತ್ತಿದ್ದೆ.

ಇಂಗ್ರೇಜ ಸಾಹೇಬರು ನಡೆಸುವ ವಸತಿ ಶಾಲೆ ಎಂಬುದು ಬಿಟ್ಟರೆ ನನಗೆ ಅದರ ಬಗ್ಗೆ ಏನೂ ಗೊತ್ತಿರಲಿಲ್ಲ, ಆದರೆ ಸಾಹೇಬರ ಬಗ್ಗೆ ಎಲ್ಲ ಗೊತ್ತಿತ್ತು. ತಹಸೀಲು ಕಚೇರಿಯ ಗುಮಾಸ್ತನಾಗಿ ನನ್ನ ಅರ್ಧ ಆಯುಷ್ಯ ಸಲಾಮಿನಲ್ಲೇ ಕಳೆದಿದೆ. ದೊಡ್ಡವರ ಎದುರು ನೆಲ ಮುಟ್ಟುವಂತೆ ಬಾಗಬೇಕು, ಕಣ್ಣೆತ್ತಬಾರದು, ಕೇಳಿದ ಕೂಡಲೇ ಉತ್ತರ ಕೊಟ್ಟು ಜಾಣತನ ತೋರಿಸಬಾರದು, ಹೊರಡುವಾಗ ಬೆನ್ನು ತೋರಿಸದೆ ಬಾಗಿಲವರೆಗೆ ಹಿಂದಹಿಂದಕ್ಕೇ ಸರಿಯಬೇಕು. ಈ ಕೊನೆಯ ವಿದ್ಯೆಯಲ್ಲಂತೂ ನನ್ನನ್ನು ಮೀರಿಸುವವರಿರಲಿಲ್ಲ. ಹಿಂದಿರುವ ಹೊಸ್ತಿಲು, ಪೀಕದಾನಿ, ತೂಕಡಿಸುವ ಜವಾನ, ಒಂದನ್ನೂ ತಾಕದೆ ಹೊರಬೀಳುತ್ತಿದ್ದೆ. ಅದನ್ನೆಲ್ಲ ಮಗಳಿಗೂ ಕಲಿಸಲು ಕೂತೆ. ಗಿರಿಜೆಯನ್ನು ಬೀಸುವಕಲ್ಲಿನ ಮೇಲೆ ಸಾಹೇಬನಾಗಿ ಕೂರಿಸಿದೆ. ಮೊದಲು ಮುನಿಸಿಕೊಂಡಳು, ಆಮೇಲೆ ಸಾಹೇಬಗಿರಿ ಎಷ್ಟು ಹಿಡಿಸಿತೆಂದರೆ ಊಟಕ್ಕೆ ಕರೆದರೂ ಏಳಲಿಲ್ಲ.

ಅಂತೂ ಶೇರ್ವಾನಿ ಹಾಕಿಕೊಂಡು, ರೂಮಿ ಟೋಪಿ ಇಟ್ಟುಕೊಂಡು, ಮಗಳ ಕೈ ಹಿಡಿದು ಹೊಳೆ ದಾಟಿದೆ. ಸುಂಕದ ಕಟ್ಟೆಯವನು ಬುತ್ತಿ ಬಿಚ್ಚಿಸಿ, ಶೇಂಗಾ ಹೋಳಿಗೆ ಪರದೇಶಕ್ಕೆ ಯೋಗ್ಯವೋ ಅಲ್ಲವೋ ಎಂದು ತಿಂದೇ ಪರೀಕ್ಷೆ ಮಾಡಿದ. ಶಾಲೆಯಲ್ಲಿ ಬಿಳಿಯ ಮಕ್ಕಳು, ರಂಗೂನಿನ ತೇಗದ ವ್ಯಾಪಾರಿಯ ಮಕ್ಕಳು, ಸಿಲೋನಿನ ಹುಡುಗಿಯರು ಎಲ್ಲ ಇದ್ದರು. ದೊಡ್ಡ ಸಾಹೇಬರು ಕನ್ನಡ ಕಲಿತವರು, ಪುಸ್ತಕದಿಂದ ಕಲಿತದ್ದೆಂದು ಬಾಯಿ ತೆರೆದರೆ ತಿಳಿಯುತ್ತಿತ್ತು. “ಮಗುವೇ, ನಿನ್ನ ಹೆಸರೇನು?” ಎಂದರು. ಶಾರದೆ ನೆಲ ಮುಟ್ಟಿ ಸಲಾಮು ಮಾಡಿ ಸುಮ್ಮನೆ ನಿಂತಳು. “ನಿನಗೆ ಯಾವ ಪಾಠ ಇಷ್ಟ?” ಮತ್ತೊಂದು ಸಲಾಮು. ಕಥೆ ಹೇಳು ಎಂದರು, ಹಾಡು ಎಂದರು. ಸಲಾಮಿನ ಮೇಲೆ ಸಲಾಮು. ಮನೆಯಲ್ಲಿ ನಿದ್ದೆಯಲ್ಲೂ ವಟಗುಟ್ಟುವ ಹುಡುಗಿ! ನಾನು ಕಲಿಸಿದ್ದನ್ನು ಅವಳು ಚಾಚೂ ತಪ್ಪದೆ ಮಾಡುತ್ತಿದ್ದಳು. ಸಾಹೇಬರು ಕನ್ನಡಕ ತೆಗೆದು, “ವಸತಿಯಲ್ಲಿ ಒಂದೇ ಸ್ಥಳ ಉಳಿದಿದೆ. ಮಾತನಾಡದ ಮಗು ಇಲ್ಲಿ ದುಃಖಪಡುವುದು. ಕ್ಷಮಿಸಿರಿ” ಎಂದರು. ನೆಗಡಿಯ ವರ ನನ್ನ ಕಣ್ಣ ಮುಂದೆ ಬಂದು ಸೀನಿದ.

ಇಂಥ ಹೊತ್ತಿನಲ್ಲಿ ಮೈ ತನ್ನ ರೂಢಿಯನ್ನೇ ಹಿಡಿಯುತ್ತದೆ. ಬಾಗಿದೆ, ಹಿಂದಹಿಂದಕ್ಕೇ ಸರಿದೆ. ಮಗಳು ಮಾತ್ರ ತಿರುಗಿ ನೆಟ್ಟಗೆ ಹೊರಗೆ ಹೋಗಿಬಿಟ್ಟಳು. ನಾನು ಬಾಗಿಲು ದಾಟಿದೆ, ಜಗಲಿಗೂ ಬಂದೆ. ಆದರೆ ನಮ್ಮ ಕಚೇರಿಗೆ ಮೆಟ್ಟಿಲಿಲ್ಲ, ಆ ಜಗಲಿಗೆ ಇತ್ತು. ಕಾಲು ಗಾಳಿಯಲ್ಲಿ ಇಳಿಯಿತು, ಕೈಗೆ ಸಿಕ್ಕಿದ ಹಗ್ಗವನ್ನು ಗಟ್ಟಿಯಾಗಿ ಹಿಡಿದೆ. ಅದು ಶಾಲೆಯ ಗಂಟೆಯ ಹಗ್ಗ. ನಾನು ಏಳಲು ಒದ್ದಾಡಿದಷ್ಟೂ ಅದು ಢಣಢಣ ಹೊಡೆದುಕೊಂಡಿತು. ಎಲ್ಲ ಕೋಣೆಗಳಿಂದ ಮಕ್ಕಳು ಹೋ ಎಂದು ಚೀಲ ಹೊತ್ತು ಹೊರಗೆ ನುಗ್ಗಿದರು. ರಂಗೂನು, ಸಿಲೋನು, ಇಂಗ್ಲೆಂಡು ಎಲ್ಲ ಸುತ್ತ ನಿಂತು, ಹಗ್ಗಕ್ಕೆ ಜೋತುಬಿದ್ದ ಗಂಗಾವತಿಯನ್ನು ನೋಡಿ ನಕ್ಕವು.

ಸಾಹೇಬರು ಕೆಂಪಗಾಗಿ ಓಡಿಬಂದರು. “ಮಗುವೇ, ನಿನ್ನ ತಂದೆ ಹಿಂದಕ್ಕೆ ಏಕೆ ನಡೆದರು?” ಅಷ್ಟು ಹೊತ್ತು ಬಾಯಿ ಬಿಡದ ಶಾರದೆ ಬಿದ್ದು ಬಿದ್ದು ನಗುತ್ತ, “ನಮ್ಮೂರಾಗ ಸಾಹೇಬರಿಗೆ ಬೆನ್ನು ತೋರಸಂಗಿಲ್ರಿ. ತೋರಿಸಿದ್ರ ನೌಕರಿ ಹೋಗ್ತೈತಂತ. ಅವ್ವ ಸಿಟ್ಟಿಗೆದ್ದಾಗ ಅಪ್ಪ ಮನ್ಯಾಗೂ ಹಿಂಗ ಹೋಗ್ತಾನ್ರಿ” ಎಂದಳು. “ಹಾಗಾದರೆ ನೀನು ಏಕೆ ಬೆನ್ನು ತೋರಿಸಿದೆ?” “ನಂದೇನ್ ನೌಕರಿ ಐತ್ರಿ?”

ಸಾಹೇಬರು ಮೊದಲು ಮೀಸೆಯಲ್ಲಿ ನಕ್ಕರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಶುರು ಮಾಡಿದ ಮಾತು ನಿಲ್ಲಲೇ ಇಲ್ಲ. ಬೀಸುವಕಲ್ಲಿನ ಸಾಹೇಬನ ಕಥೆಯನ್ನೂ ಹೇಳಿ ನನ್ನನ್ನು ಪೂರ್ತಿ ಬತ್ತಲು ಮಾಡಿದಳು. ಜಾಗ ಅವಳದಾಯಿತು. ಎದೆಯ ಮೇಲಿದ್ದ ಬೀಸುವಕಲ್ಲು ಇಳಿದಂತಾಗಿ, ಬರುವಾಗ ಹರಿಗೋಲಿನಲ್ಲಿ ವಾಂತಿ ಕೂಡ ಬರಲಿಲ್ಲ. ಮನೆಯಲ್ಲಿ ಗಿರಿಜೆ ಸುದ್ದಿ ಕೇಳಿ ಅಳುತ್ತ ಅಳುತ್ತಲೇ, “ಗಂಟಿ ಬಾರಿಸಿ ಬಂದ್ರಿ ಅನ್ರಿ!” ಎಂದಳು.

ಜೂನಿನಲ್ಲಿ ಟ್ರಂಕು ಹೊತ್ತು ಮೂವರೂ ಹೋದೆವು. ಬಿಟ್ಟು ಬರುವಾಗ ಶಾರದೆ ಜಗಲಿಯ ಕಂಬ ಹಿಡಿದು ನಿಂತಿದ್ದಳು. ಗಿರಿಜೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಟ್ಟಗೆ ನಡೆದಳು, ತಿರುಗಿ ನೋಡಲಿಲ್ಲ. ನನ್ನಿಂದ ಅದು ಆಗಲಿಲ್ಲ. ತಿರುಗಿದರೆ ಮಗಳು ಕಾಣುವುದಿಲ್ಲವಲ್ಲ, ಗೇಟಿನವರೆಗೂ ಹಿಂದಹಿಂದಕ್ಕೇ ನಡೆದೆ. ಸಾಹೇಬರು ಜಗಲಿಯಿಂದ, “ಬೇಡ, ಬೇಡ, ಇಲ್ಲಿ ಅದರ ಅವಶ್ಯಕತೆ ಇಲ್ಲ!” ಎಂದು ಕೂಗಿದರು. “ರೂಢಿ ಬಿಡಂಗಿಲ್ರಿ ಸಾಹೇಬ್ರ” ಎಂದು ನಾನೂ ಕೂಗಿದೆ. ಪಾಪ, ನಂಬಿದರು. ಗಂಟೆಯ ಹಗ್ಗ ಎಲ್ಲಿದೆ ಎಂದು ಈ ಸಲ ಮೊದಲೇ ನೋಡಿಟ್ಟುಕೊಂಡಿದ್ದೆ. ಗೇಟಿನಾಚೆ ಮಲಗಿದ್ದ ಎಮ್ಮೆಯನ್ನು ಮಾತ್ರ ನೋಡಿರಲಿಲ್ಲ. ಹಿಟ್ನಾಳದ ಮಾವನದೇ ಇರಬೇಕು.