ಸತು ಹತ್ತದ ಮೂರು ಗೆರೆ

ಕಬ್ಬಿಣಕ್ಕೆ ಸತುವಿನ ಲೇಪ ಹಾಕುವುದರಲ್ಲಿ ನಗುವಂಥದ್ದು ಏನಿದೆ ಎಂದು ಕೇಳುವವರು ನಾಲ್ಕು ದಿನ ನನ್ನ ಶೆಡ್ಡಿನಲ್ಲಿ ಕೂತು ನೋಡಬೇಕಿತ್ತು. ಎಪ್ಪತ್ತರ ದಶಕದಲ್ಲಿ ಚನ್ನಗಿರಿ ಬಸ್ ನಿಲ್ದಾಣದ ಹಿಂದೆ ತೊಟ್ಟಿಗಳನ್ನು ಇಟ್ಟುಕೊಂಡು ಪ್ಲೇಟಿಂಗ್ ಮಾಡುತ್ತಿದ್ದೆ. ಸೂಳೆಕೆರೆ ಕಡೆಯ ಪಂಪ್‌ಸೆಟ್ಟಿನ ಬೋಲ್ಟು, ಬಾಗಿಲ ಚಿಲಕ, ಸೈಕಲ್ಲಿನ ಸಾಮಾನು, ಏನೇ ಬಂದರೂ ಕರ್ರಗೆ ತೊಟ್ಟಿಗಿಳಿದು ಬೆಳ್ಳಗೆ ಮೇಲೇಳುತ್ತಿತ್ತು. ನಾನು ಸುಲಭಕ್ಕೆ ನಗುವ ಮನುಷ್ಯನಲ್ಲ. ಆಸಿಡ್ಡಿನ ಹೊಗೆ ಕುಡಿದು ಕುಡಿದು ನನ್ನ ಮುಖವೇ ಹುಳ್ಳಗಾಗಿದೆ ಎಂದು ಹೆಂಡತಿ ಅನ್ನುತ್ತಿದ್ದಳು. ಅಂಥ ನನ್ನನ್ನೂ ಒಂದು ಹಳೇ ಕಾರು ನಗಿಸಿತು, ಅಳಿಸಿತು.

೧. ಕಾರಿನ ಮೇಲಿನ ಆಣೆ

ಕಾರು ಊರಿನ ಅಡಿಕೆ ಮಂಡಿ ಯಜಮಾನರ ತಂದೆಯದು. ತಂದೆ ತೀರಿಕೊಂಡಿದ್ದರು, ತಾಯಿ ಇದ್ದರು. ಊರೆಲ್ಲ ಆಕೆಯನ್ನು ಅವ್ವ ಎಂದೇ ಕರೆಯುತ್ತಿತ್ತು. ಅವ್ವನ ತವರು ಗೋವಿನಕೋವಿ. ತಮ್ಮನ ಮದುವೆ ಗೊತ್ತಾದಾಗ ಮದುಮಗನನ್ನು ಹೊನ್ನಾಳಿಯ ಬೀಗರ ಮನೆಗೆ ಕರೆದೊಯ್ಯಲು ನಮ್ಮ ಕಾರು ಕಳಿಸುತ್ತೇವೆ ಎಂದು ಅವ್ವ ಮಾತು ಕೊಟ್ಟಿದ್ದರಂತೆ. ಕಾರು ಗೋವಿನಕೋವಿ ಮುಟ್ಟದೆ ದಾರಿಯಲ್ಲೇ ಕೈಕೊಟ್ಟಿತು. ಮದುಮಗ ಬಾಸಿಂಗ ಕಟ್ಟಿಕೊಂಡು ಹುಲ್ಲಿನ ಗಾಡಿಯ ಮೇಲೆ ಕೂತು ಬೀಗರ ಊರು ಸೇರಿದ. ಬೀಗರು ನಕ್ಕರು. ಅವನು ಎಲ್ಲರೆದುರು ಅಕ್ಕನಿಗೆ ಹೇಳಿದನಂತೆ: "ಆ ಕಾರು ನನ್ನ ಬಾಗ್ಲಿಗೆ ಬರೋ ತನಕ ನೀನೂ ಬರಬ್ಯಾಡ."

ಅವ್ವನ ಗಂಡನಿಗೂ ಸಿಟ್ಟು ಬಂದು ಕಾರನ್ನು ಹಿತ್ತಲಿಗೆ ತಳ್ಳಿಸಿ ಸುಮ್ಮನಾದರು. ಅದು ಅಲ್ಲೇ ತುಕ್ಕು ಹಿಡಿಯಿತು. ಅಕ್ಕ ತಮ್ಮ ಇಬ್ಬರೂ ಮುದುಕರಾದರು. ಈಗ ತಮ್ಮನ ಕಣ್ಣು ಮಂಜಾಗುತ್ತಿದೆ, ಪೂರಾ ಹೋಗುವ ಹಾಗಿದೆ ಎಂದು ಸುದ್ದಿ ಬಂದಿತ್ತು. ಅವನಿಗೆ ಕಾಣುತ್ತಿರುವಾಗಲೇ ಒಮ್ಮೆ ಅವನ ಮುಂದೆ ನಿಲ್ಲಬೇಕು ಎಂಬುದೊಂದೇ ಅವ್ವನ ಆಸೆ. ಯಜಮಾನರು ಮೆಕ್ಯಾನಿಕ್ಕನನ್ನು ಹಿಡಿದು ಕಾರು ಬಿಚ್ಚಿಸಿ, ತುಕ್ಕು ಹಿಡಿದ ಸಾಮಾನನ್ನೆಲ್ಲ ಚೀಲದಲ್ಲಿ ತುಂಬಿಸಿ, ಅವ್ವನ ಜೊತೆ ನನ್ನ ಶೆಡ್ಡಿಗೆ ಬಂದರು.

ನಾನು ಕಥೆ ಕೇಳಿ, "ನ್ಯಾಮತಿ ಮ್ಯಾಲೆ ದಿನಾ ಬಸ್ ಐತಲ್ಲವ್ವ, ಬಸ್ಸಿಗೇ ಹೋಗಿ ಬರಬೌದಲ್ಲ" ಅಂದೆ.

ಅವ್ವ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು. "ಬಸ್ಸಿಗೆ ಹೋಗಾಕೆ, ನಾನೇನು ಅವನ ಮದುವಿಗೆ ಬಸ್ ಕಳಿಸ್ತೀನಿ ಅಂದಿದ್ನೇನಪ್ಪ?"

೨. ಹೊಸ ಡಿಸೈನು

ಪ್ಲೇಟಿಂಗಿನಲ್ಲಿ ಅರ್ಧ ಕೆಲಸ ತೊಳೆಯುವುದೇ. ತುಕ್ಕು, ಜಿಡ್ಡು ಎಲ್ಲ ಹೋಗಬೇಕು. ತೊಳೆದ ಮೇಲೆ ಬರಿಗೈಯಲ್ಲಿ ಮುಟ್ಟಿದರೂ ಬೆರಳಿನ ಜಿಡ್ಡು ಕೂತ ಕಡೆ ಸತು ಹತ್ತುವುದಿಲ್ಲ. ಈ ವಿಷಯದಲ್ಲಿ ನಾನು ಮಡಿ ಹೆಂಗಸರಿಗಿಂತ ಕಡೆ. ನನ್ನ ಶೆಡ್ಡಿನಲ್ಲಿ ನನ್ನ ಹೆಂಡತಿಗೂ ಪ್ರವೇಶ ಇರಲಿಲ್ಲ.

ಅವ್ವನಿಗೆ ಮಾತ್ರ ಬೇಡ ಎನ್ನಲಾಗಲಿಲ್ಲ. ಅವರ ಮನೆಯಲ್ಲಿ ಹೊಸ ಕೊಡಲಿಯಾಗಲಿ ನೇಗಿಲ ಗುಳವಾಗಲಿ, ವಿಭೂತಿ ಹಚ್ಚದೆ ಕಬ್ಬಿಣವನ್ನು ಕೆಲಸಕ್ಕೆ ಇಳಿಸುವ ಪದ್ಧತಿ ಇಲ್ಲ. ಹೀಗಾಗಿ ತೊಳೆದು ತಂತಿಗೆ ನೇತುಹಾಕಿದ ಪ್ರತಿ ಬೋಲ್ಟಿಗೂ ಆಕೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಬೂದಿ ತಾನೆ, ನೀರಿನಲ್ಲಿ ಹೋಗುತ್ತದೆ ಎಂದು ಸುಮ್ಮನಿದ್ದೆ. ಮಂಡಿನೋವಿಗೆ ಆಕೆ ದಿನವೂ ಹರಳೆಣ್ಣೆ ತಿಕ್ಕಿಕೊಳ್ಳುವುದು ಅದೇ ಕೈಯಿಂದ ಎಂದು ನನಗೇನು ಗೊತ್ತು?

ತೊಟ್ಟಿಯಿಂದ ಎತ್ತಿದರೆ ಪ್ರತಿಯೊಂದು ಬೋಲ್ಟೂ ಬೆಳ್ಳಗೆ ಹೊಳೆಯುತ್ತಿದೆ, ಪ್ರತಿಯೊಂದರ ಮೇಲೂ ಕರಿಯ ಗೆರೆ ಮೂರು. ಎರಡು ಉದ್ದ, ಒಂದು ಮೋಟು. ಅವ್ವನ ಉಂಗುರದ ಬೆರಳಿಗೆ ತುದಿ ಇರಲಿಲ್ಲ. ಏನಾಯಿತೆಂದು ಕೇಳಿದರೆ, "ಸಣ್ಣೋರಿದ್ದಾಗ ತಮ್ಮ ಕುಡುಗೋಲು ಬೀಸಿದ. ನಾನೇ ಕೊಯ್ಕಂಡೆ ಅಂತ ಅಪ್ಪಗೆ ಹೇಳಿದೆ. ಇಲ್ದಿದ್ರೆ ಅವನ ಚರ್ಮ ಸುಲೀತಿದ್ದ" ಅಂದರು.

ನಾನು ತಲೆಯ ಮೇಲೆ ಕೈಹೊತ್ತು ಕೂತಿದ್ದರೆ ಯಜಮಾನರು ಚಪ್ಪಲಿ ಬಿಟ್ಟು ಕೈಮುಗಿದರು. "ಶಿವ ತಾನಾಗೇ ಮೂಡ್ಯಾನೆ!" ಸುದ್ದಿ ಮಾರ್ಕೆಟ್ಟಿನಲ್ಲಿ ಹಬ್ಬಿ ಜನ ಊದುಬತ್ತಿ ಹಿಡಿದು ಬಂದರು. ಇದು ದೇವರಲ್ಲ, ಹರಳೆಣ್ಣೆ ಎಂದು ನಾನು ಗಂಟಲು ಹರಿದುಕೊಂಡರೂ ಕೇಳುವವರಿಲ್ಲ. ಕೊನೆಗೆ ರೈತರೊಬ್ಬರು ಸಂದಿ ಮಾಡಿಕೊಂಡು ಒಳಗೆ ಬಂದರು. ಪುಣ್ಯಕ್ಕೆ ಇವರಾದರೂ ಕೆಲಸದ ಮೇಲೆ ಬಂದರಲ್ಲ ಎಂದುಕೊಂಡೆ. ಅವರು ಚೀಲದಿಂದ ಪಂಪ್‌ಸೆಟ್ಟಿನ ಬೋಲ್ಟು ತೆಗೆದು, "ನಮ್ಮವಕ್ಕೂ ಇದೇ ಡಿಸೈನು ಹಾಕಿಕೊಡ್ರಿ" ಅಂದರು.

೩. ಜಗಳೂರಿನ ಕಾವು

ಬೋಲ್ಟುಗಳ ಲೇಪವನ್ನೆಲ್ಲ ಕಳಚಿ ಮತ್ತೆ ಹಾಕಿದೆ. ಅವ್ವನಿಗೂ ನನಗೂ ರಾಜಿಯಾಯಿತು. ಇನ್ನು ಮೇಲೆ ಆಕೆ ಸಾಮಾನಿಗೆ ಬದಲು ನನ್ನ ಹಣೆಗೆ ವಿಭೂತಿ ಹಚ್ಚುವುದು. ನಾನು ದಿನವಿಡೀ ಹರಳೆಣ್ಣೆ ವಾಸನೆ ಹೊಡೆಯುತ್ತ ಕೆಲಸ ಮಾಡಿದೆ.

ಅಷ್ಟರಲ್ಲಿ ಮುಂದಿನ ದೀಪದ ಗಾಜಿನ ಸುತ್ತ ಕೂರುವ ಒಂದು ಬಳೆ ತುಕ್ಕಿಗೆ ಪುಡಿಯಾಗಿಹೋಗಿದ್ದು ಗೊತ್ತಾಯಿತು. ಅದೇ ಜಾತಿಯ ಕಾರು ಜಗಳೂರಿನಲ್ಲಿ ಒಬ್ಬರ ಹಿತ್ತಲಲ್ಲಿ ಬಿದ್ದಿದೆ ಎಂದು ಯಾರೋ ಹೇಳಿದರು. ಯಜಮಾನರೂ ನಾನೂ ಬಸ್ಸು ಹಿಡಿದು ಹೋದೆವು. ಕಾರು ಇತ್ತು. ಅದರ ಕಿಟಕಿ ಗಾಜು ಇದ್ದ ಕಡೆಗೆಲ್ಲ ಜಾಲರಿ ಬಡಿದು ಕೋಳಿಗೂಡು ಮಾಡಿದ್ದರು. ಗಾಜು ಹೋದ ಮುಂದಿನ ದೀಪದ ಡೊಳ್ಳಿನೊಳಗೇ ಹುಲ್ಲು ಹಾಸಿಕೊಂಡು ಒಂದು ಹೇಂಟೆ ಕಾವಿಗೆ ಕೂತಿತ್ತು. ಬಳೆ ಬಿಚ್ಚಬೇಕಾದರೆ ಅದು ಏಳಬೇಕು.

ಮನೆಯ ಹೆಂಗಸು ಸೊಂಟಕ್ಕೆ ಕೈಕೊಟ್ಟು ನಿಂತಳು. "ಬಳೆ ಬೇಕಾದ್ರೆ ಒಯ್ಯಿರಿ. ಹೇಂಟೆ ಎಬ್ಬಿಸಿದ್ರೆ ಮಾತ್ರ ನಾ ಸುಮ್ಕಿರಾಕಿಲ್ಲ. ಮರಿ ಆದ ಮ್ಯಾಲೆ ಬರ್ರಿ."

ಯಜಮಾನರು ಹುಟ್ಟಿದಾಗಿನಿಂದ ಕೋಳಿ ಇರುವ ಬೀದಿಯಲ್ಲೂ ನಡೆದವರಲ್ಲ. ಆದರೂ ಅವ್ವನ ಆಸೆ ಎಂಥದ್ದು ಎಂದು ಆಕೆಗೆ ಬಿಡಿಸಿ ಹೇಳಿದರು. ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಳಗಿನಿಂದ ಬುಟ್ಟಿ ತಂದು ಹುಲ್ಲು ಹಾಸಿ, ಮೊಟ್ಟೆಗಳನ್ನೂ ಹೇಂಟೆಯನ್ನೂ ಎತ್ತಿ ಅದರಲ್ಲಿಟ್ಟು, ಬುಟ್ಟಿಯನ್ನು ಯಜಮಾನರ ತೊಡೆಯ ಮೇಲೆ ಕೂರಿಸಿದಳು. "ಅವರು ಬಿಚ್ಚಾ ತನಕ ಅಲ್ಲಾಡಬ್ಯಾಡ್ರಿ."

ನಾನು ಬಳೆ ಬಿಚ್ಚುವವರೆಗೆ ಚನ್ನಗಿರಿಯ ಮಂಡಿ ಯಜಮಾನರು ಉಸಿರು ಬಿಗಿಹಿಡಿದು ಕೂತಿದ್ದರು. ಬಸ್ಸಿನಲ್ಲಿ ಅರ್ಧ ದಾರಿಗೆ ಬಂದ ಮೇಲೆ ಮೆಲ್ಲಗೆ ಕೇಳಿದರು: "ಏನ್ರೀ, ಕಾವು ಕೆಟ್ಟಿರಾಕಿಲ್ಲ ತಾನೇ?"

೪. ಗೋವಿನಕೋವಿಯ ತೀರ್ಪು

ಕೊನೆಗೆ ಉಳಿದದ್ದು ಎಡ ಬಾಗಿಲಿನ ಕೀಲು. ಅವ್ವ ಇಳಿಯುವ ಬಾಗಿಲು ಅದು. ನಾನು ಟೀ ಕುಡಿಯಲು ಹೋದಾಗ ಆಕೆ ಆಸೆ ತಡೆಯಲಾರದೆ ಅದಕ್ಕೆ ಬೆರಳು ಎಳೆದುಬಿಟ್ಟಿದ್ದರು. ತೊಟ್ಟಿಯಿಂದ ಎದ್ದಾಗ ಎರಡು ಉದ್ದ, ಒಂದು ಮೋಟು ಗೆರೆ ಹಾಗೇ ಇದ್ದವು. ಕಳಚಿ ಮತ್ತೆ ಹಾಕುತ್ತೇನೆ ಅಂದರೆ ಯಜಮಾನರು ಬಿಡಲಿಲ್ಲ. ಮಾವನ ಕಣ್ಣು ಇನ್ನಷ್ಟು ಮಂಜಾಗಿದೆಯಂತೆ, ಟೈಮಿಲ್ಲ ಅಂದರು. ನಾನು ರೇಗಿದೆ. ಇಂಥ ಕೆಲಸ ನನ್ನ ಶೆಡ್ಡಿನಿಂದ ಹೊರಗೆ ಹೋದರೆ ನಾಳೆ ಮುಖ ಎತ್ತಿ ತಿರುಗುವುದು ಹೇಗೆ ಎಂದು ಕೂಗಾಡಿದೆ. ಆದರೂ ಆ ಕೀಲನ್ನು ಹಾಗೇ ಜೋಡಿಸಿದರು. ಮೆಕ್ಯಾನಿಕ್ ಇಂಜಿನ್ ಪಳಗಿಸುವಷ್ಟರಲ್ಲಿ ಮಳೆಗಾಲ ಹಿಡಿಯಿತು. ಸತು ಹತ್ತದ ಆ ಮೂರು ಗೆರೆಗಳಲ್ಲಿ ತುಕ್ಕು ಎದ್ದು ಒರಟಾಯಿತು. ಅದು ಕಣ್ಣಿಗೆ ಬೀಳದಿರಲೆಂದು ನಾನು ಹೋದಾಗಲೆಲ್ಲ ಆ ಬಾಗಿಲು ಮುಚ್ಚಿಬಿಡುತ್ತಿದ್ದೆ.

ಹೊರಡುವಾಗ ನನ್ನನ್ನೂ ಹತ್ತಿಸಿಕೊಂಡರು. ಹೊನ್ನಾಳಿ, ನ್ಯಾಮತಿ ಕಡೆಯವರೆಲ್ಲ ರಸ್ತೆಗೆ ಬಂದು ನೋಡಿದರು. ಗೋವಿನಕೋವಿಯಲ್ಲಿ ಕಾರು ತಮ್ಮನ ಬಾಗಿಲ ಮುಂದೆ ನಿಂತಿತು.

ಮುದುಕ ಕೋಲೂರಿಕೊಂಡು ಹೊರಗೆ ಬಂದ. ಅಕ್ಕನ ಕಡೆ ಮುಖ ತಿರುಗಿಸಲಿಲ್ಲ. ಕಣ್ಣು ಸರಿಯಾಗಿ ಕಾಣದ್ದರಿಂದ ಕಾರಿನ ಮೂತಿಯಿಂದ ಕೈಯಾಡಿಸುತ್ತ ಬಂದ. ದೀಪದ ಬಳೆ, ಬಾನೆಟ್ಟಿನ ಕೊಂಡಿ, ಬಾಗಿಲ ಹಿಡಿ, ಎಲ್ಲವನ್ನೂ ಸವರಿದ. ಹೆಮ್ಮೆಯಿಂದ ನಾನು ಎರಡು ಹೆಜ್ಜೆ ಮುಂದೆ ಬಂದು ನಿಂತೆ.

"ಇದು ಆ ಕಾರಲ್ಲ" ಅಂದ ಮುದುಕ. "ಅಕ್ಕನ ಮನಿಗೆ ಹೋದಾಗ ಆ ಕಾರಿನ ಕೊಂಡಿ ಮುಟ್ಟಿದ್ರೆ ಕೈ ತರಚ್ತಿತ್ತು. ಇದು ಬೆಣ್ಣೆ ಇದ್ದಂಗೈತೆ. ಯಾವುದೋ ಹೊಸಾದು ತಂದು ನನಗೆ ಮಂಕುಬೂದಿ ಎರಚ್ತೀರೇನು?"

ಒಂದೊಂದು ಬೋಲ್ಟನ್ನೂ ಮಗುವಿನಂತೆ ತೊಳೆದು ಹೊಳೆಯಿಸಿ ಆ ಮುದುಕಿಯ ದಾರಿಗೆ ನಾನೇ ಕಲ್ಲು ಹಾಕಿದಂತಾಯಿತಲ್ಲ! ಯಜಮಾನರು, "ಮಾವಾ, ಅದೇ ಕಾರು, ಅಪ್ಪನಾಣೆ" ಎಂದು ಅಂಗಲಾಚಿದರು. ಮುದುಕ ಒಳಗೆ ಹೋಗಲು ತಿರುಗಿದ. ಅವ್ವ ಕೂತಲ್ಲಿಂದಲೇ, "ಬಿಡೋ ಮಗಾ, ತಿರುಗಿಸು ಗಾಡಿ" ಅಂದರು. ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಯಜಮಾನರು ಅವ್ವನಿಗೆ ನೀರು ಕೊಡಲೆಂದು ಎಡ ಬಾಗಿಲು ತೆರೆದರು. ಇನ್ನೂ ಬಾಗಿಲ ಬಳಿಯೇ ಇದ್ದ ಮುದುಕ ಅದು ಬಡಿದು ತಡವರಿಸಿ ಆಸರೆಗೆ ಹಿಡಿದದ್ದು ಆ ಕೀಲನ್ನೇ. ಹಿಡಿದವನು ಬಿಡಲಿಲ್ಲ. ಹೆಬ್ಬೆರಳಿನಿಂದ ಒಂದು ಗೆರೆ ಸವರಿದ, ಇನ್ನೊಂದು ಸವರಿದ, ಮೂರನೆಯದು ನಡುವೆಯೇ ನಿಂತುಹೋದಾಗ ಅವನ ಕೈಯೂ ಅಲ್ಲೇ ನಿಂತಿತು. ಮತ್ತೆ ಸವರಿದ.

"ಅಕ್ಕಾ," ಅಂದ, "ಈ ಮೋಟು ಬೆರಳು ನಂದೇ ಅಲ್ಲೇನೇ?"

ಅವ್ವ ಆ ಕೈಯನ್ನೇ ಚಾಚಿದರು. ಅವನು ಅದನ್ನು ಕಣ್ಣಿಗೆ ಒತ್ತಿಕೊಂಡು ಮಗುವಿನ ಹಾಗೆ ಅತ್ತ. ಅವ್ವ ಇನ್ನೊಂದು ಕೈಯಿಂದ ಅವನ ಮುಖವನ್ನು ಹತ್ತಿರಕ್ಕೆ ಎಳೆದು, "ನೋಡೋ, ಕಾಣ್ತೀನೇನೋ?" ಅಂದರು. "ಮುದುಕಿ ಆಗೀಯ" ಅಂದ ಅವನು. ನಾನು ನಾಚಿಕೆಯಿಲ್ಲದೆ ಬೀದಿಯಲ್ಲಿ ನಿಂತು ಅತ್ತೆ.

ಮುದುಕ ಅಕ್ಕನನ್ನು ಹಿಡಿದು ಇಳಿಸಿದ ಮೇಲೆ, ಈ ಸಾಮಾನಿಗೆಲ್ಲ ಬಣ್ಣ ಹಾಕಿದವರು ಯಾರು ಎಂದು ಕೇಳಿದ. ಬಣ್ಣವಲ್ಲ, ಸತು ಎಂದು ಹೇಳುತ್ತ ನಾನು ಕಣ್ಣೊರೆಸಿಕೊಂಡು ಹತ್ತಿರ ಹೋದೆ. ಅವನು ನನ್ನ ಭುಜ ಹುಡುಕಿ ಹಿಡಿದು, ಇನ್ನೊಂದು ಕೈಯಿಂದ ಆ ಕೀಲನ್ನು ತಟ್ಟಿ ತೋರಿಸಿದ.

"ಬ್ಯಾಸರ ಮಾಡ್ಕಬ್ಯಾಡ್ರಿ ಸ್ವಾಮಿ. ಇಡೀ ಕಾರಿನಾಗೆ ನೆಟ್ಟಗೆ ಮಾಡಿರೋದು ನೀವು ಇದೊಂದೇ."